ಮೊಳಕ್ಕೊಂದು ಗಂಟು

ನಮ್ಮ ಮನೆಯಲ್ಲಿ ಹಳೇ ಪೇಪರಿಗೆ ಇರುವಷ್ಟು ಮರ್ಯಾದೆ ನನಗಿಲ್ಲ. ಬೆಳಗ್ಗೆ ನಾನು ಓದಿ ಬದಿಗಿಟ್ಟ ಮೇಲೇ ಅದರ ನಿಜವಾದ ನೌಕರಿ ಶುರು. ಬೀರುವಿನ ತಳಕ್ಕೆ ಹಾಸೋಕೆ, ಮಿರ್ಚಿಯ ಎಣ್ಣೆ ಹಿಂಡೋಕೆ, ನಾಲ್ಕು ಜನ ಸುತ್ತ ಕೂತು ಮಂಡಕ್ಕಿ ಹರವಿಕೊಂಡು ತಿನ್ನೋಕೆ ಎಲ್ಲಕ್ಕೂ ಅದೇ. ಉಳಿದದ್ದು ಮೂರು ತಿಂಗಳಿಗೊಮ್ಮೆ ರದ್ದಿಯವನ ತಕ್ಕಡಿಗೆ. ಆ ದುಡ್ಡು ನನ್ನ ಹೆಂಡತಿಯದು, ಲೆಕ್ಕ ಕೇಳುವ ಹಾಗಿಲ್ಲ. ಇಂಥ ಆಸ್ತಿಯ ಮೇಲೆ ನಾನು ಕತ್ತರಿ ಆಡಿಸಿದೆ.

ತಪ್ಪು ಮೊಬೈಲಿನದು. ರಾತ್ರಿ ನಿದ್ದೆ ಬಾರದೆ ನೋಡುತ್ತಿದ್ದಾಗ ಜಪಾನಿನ ಹೆಂಗಸೊಬ್ಬಳು ಕಾಗದವನ್ನು ಸೀಳಿ, ಹೊಸೆದು, ರಾಟೆಗೆ ಕೊಟ್ಟು ನೂಲು ತೆಗೆದಳು. ಆ ನೂಲಿನಲ್ಲಿ ನೇಯ್ದ ಬಟ್ಟೆಗೆ ಅಲ್ಲಿ ಶಿಫು ಅಂತ ಹೆಸರು. ಮೊದಲ ಮಹಾಯುದ್ಧದಲ್ಲಿ ಹೊರಗಿನ ಹತ್ತಿ, ಸೆಣಬು ನಿಂತುಹೋದಾಗ ಜರ್ಮನಿಯವರೂ ಕಾಗದ ನೂತು ಚೀಲ, ಬಟ್ಟೆ ಮಾಡಿಕೊಂಡರಂತೆ. ನನಗೆ ರೋಷ ಬಂತು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ದಾವಣಗೆರೆಯಲ್ಲಿ ಹುಟ್ಟಿದವನು ನಾನು. ಹತ್ತಿ ಮಿಲ್ಲುಗಳು ಮುಚ್ಚಿದರೇನಾಯ್ತು, ನಾನಿನ್ನೂ ಇದ್ದೀನಲ್ಲ!

ಭಾನುವಾರ ಬೆಣ್ಣೆದೋಸೆ ಮುಗಿಸಿ ಬಂದು ಕೂತೆ. ಅಟ್ಟ ಹುಡುಕಿದರೆ ಶಾಲೆಯ ಕಾಲದ ತಕಲಿ ಸಿಕ್ಕಿತು. ಮೊದಲ ಪುಟವನ್ನು ಅಡ್ಡಡ್ಡ ಕತ್ತರಿಸಿದೆ. ಹುರಿ ಹಾಕಲು ಹೋದರೆ ಪಟ್ಟಿಗೊಂದು ಸಲ ಪಟ್ ಅಂತ ತುಂಡಾಯಿತು. ಆಮೇಲೆ ತಿಳಿಯಿತು: ಕಾಗದದ ನಾರುಗಳು ಯಂತ್ರ ಓಡುವ ದಿಕ್ಕಿಗೆ ಮಲಗಿರುತ್ತವೆ. ಪೇಪರನ್ನು ಮೇಲಿಂದ ಕೆಳಕ್ಕೆ ಹರಿದು ನೋಡಿ, ಗೆರೆ ಹೊಡೆದಂತೆ ಹರಿಯುತ್ತದೆ. ಅಡ್ಡ ಹರಿದರೆ ಹಲ್ಲಿಲ್ಲದವರು ಜೋಳದ ರೊಟ್ಟಿ ಕಡಿದ ಹಾಗೆ. ಪಟ್ಟಿ ಆ ನಾರಿನ ಉದ್ದಕ್ಕೇ ಬರಬೇಕು. ಜಪಾನಿನವರ ಕಾಗದ ಕೋಜೊ ಗಿಡದ ತೊಗಟೆಯದು, ನಾರು ಉದ್ದುದ್ದ. ನಮ್ಮ ಪೇಪರಿನ ನಾರು ಗಿಡ್ಡ, ಸಿಟ್ಟು ಜಾಸ್ತಿ.

ಕತ್ತರಿಸುವ ಕ್ರಮವೂ ಒಂದಿದೆ. ಬೆರಳಗಲದ ಪಟ್ಟಿ. ಒಂದು ಸಲ ಕೆಳಗಿನಿಂದ ಕತ್ತರಿಸುತ್ತ ಹೋಗಿ ಮೇಲಂಚು ಮುಟ್ಟುವ ಮೊದಲು ನಿಲ್ಲಿಸಬೇಕು. ಪಕ್ಕದ್ದನ್ನು ಮೇಲಿನಿಂದ ಇಳಿಸಿ ಕೆಳಂಚು ಉಳಿಸಬೇಕು. ಹೀಗೆ ಅಂಕುಡೊಂಕಾಗಿ ಹೋದರೆ ಇಡೀ ಪುಟ ಒಂದೇ ಪಟ್ಟಿಯಾಗಿ ಬಿಚ್ಚಿಕೊಳ್ಳುತ್ತದೆ, ಸುಮಾರು ಒಂಬತ್ತು-ಹತ್ತು ಮೀಟರು. ತಿರುವು ಇದ್ದಲ್ಲೆಲ್ಲ, ಅಂದರೆ ಮೊಳಕ್ಕೊಂದು, ನೂಲಿನಲ್ಲಿ ಸಣ್ಣ ಗಂಟು ಬೀಳುತ್ತದೆ. ಈ ಗಂಟನ್ನು ನೆನಪಿಟ್ಟುಕೊಳ್ಳಿ.

ಆಮೇಲೆ ಪಟ್ಟಿಗೆ ನೀರು ಚಿಮುಕಿಸಿ ಒರಟು ಕಲ್ಲಿನ ಮೇಲೆ ಅಂಗೈಯಲ್ಲಿ ಉರುಳಿಸಬೇಕು. ಒರಟು ಕಲ್ಲು ನಮ್ಮನೆಯಲ್ಲಿ ಇರುವುದೊಂದೇ, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು. ಉರುಳಿಸಿದೆ. ಪಟ್ಟಿ ದುಂಡಗಾಯಿತು, ಶಾಯಿ ಕಲ್ಲಿಗಾಯಿತು. ಸೋಮವಾರ ಬೆಳಗ್ಗೆ ಮಗ ಹಾಕಿಕೊಂಡ ಬಿಳಿ ಯೂನಿಫಾರ್ಮಿನ ಬೆನ್ನ ಮೇಲೆ ಅಡಕೆ ಧಾರಣೆಯ ಬಣ್ಣ ಇತ್ತು. ಹೆಂಡತಿ ಏನೂ ಅನ್ನಲಿಲ್ಲ. ಅವತ್ತು ನನ್ನ ಡಬ್ಬಿಗೆ ಬರೀ ಚಿತ್ರಾನ್ನ ಹಾಕಿದಳು, ಶೇಂಗಾ ಇಲ್ಲದ್ದು.

ನನ್ನ ಕೈಗಾರಿಕೆಗೆ ಮನೆಯಲ್ಲಿ ಒಬ್ಬರೇ ಬೆಂಬಲ, ಅವ್ವ. ಅವಳ ತವರು ಚಳ್ಳಕೆರೆ ಕಡೆ. ಕಂಬಳಿಗೆ ಕುರಿ ಉಣ್ಣೆ ನೂಲುವುದನ್ನು ನೋಡುತ್ತ ಬೆಳೆದವಳು. ಕನ್ನಡಕ ಏರಿಸಿ ನನ್ನ ನೂಲನ್ನು ಎಳೆದು ನೋಡಿ, "ಹುರಿ ಸಾಲ್ದು ಕಣಪ್ಪಾ, ಇದು ನೂಲಲ್ಲ, ಹೂಬತ್ತಿ" ಅಂದಳು. ಕಂಬಳಿಗೆ ಹಾಕುವಂತೆ ಹುಣಸೆಬೀಜದ ಗಂಜಿ ಹಾಕು ಅಂತ ಸಲಹೆಯನ್ನೂ ಕೊಟ್ಟಳು. ಹಾಕಿ ತಂತಿಯ ಮೇಲೆ ಒಣಗಲು ಬಿಟ್ಟರೆ, ಬೆಳಗಾಗುವುದರಲ್ಲಿ ಇರುವೆಗಳು ದಾರಿ ಮಾಡಿಕೊಂಡಿದ್ದವು. ತಿಂದು ಹೋಗಿದ್ದರೆ ಬೇಜಾರಿರಲಿಲ್ಲ, ಅಲ್ಲೇ ಸಂಸಾರ ಹೂಡಿದ್ದವು.

ಅವ್ವನ ಬೆಂಬಲಕ್ಕೆ ಕರಾರುಗಳಿದ್ದವು. ದೇವರ ಫೋಟೋ ಇರುವ ಪುಟ ಕತ್ತರಿಸುವ ಹಾಗಿಲ್ಲ. ಶ್ರದ್ಧಾಂಜಲಿ ಪುಟ ಮುಟ್ಟುವ ಹಾಗಿಲ್ಲ, "ಸತ್ತೋರ ಕುತ್ತಿಗೆ ತಿರುಪ್ತಿಯೇನೋ?" ರಾಶಿಫಲ ಬೇಡ, ಗ್ರಹಚಾರ ಸುತ್ತಿಕೊಳ್ಳುತ್ತದೆ. ಇಷ್ಟೆಲ್ಲ ಕಳೆದರೆ ಉಳಿಯುವುದು ಟೆಂಡರ್ ಪ್ರಕಟಣೆ ಮತ್ತು ವರ್ಗೀಕೃತ ಜಾಹೀರಾತು. ಅನುಭವದ ಮೇಲೆ ಹೇಳುತ್ತೇನೆ, ಟೆಂಡರ್ ಪ್ರಕಟಣೆಯಂಥ ನೂಲು ಇನ್ನೊಂದಿಲ್ಲ. ಸಣ್ಣ ಅಕ್ಷರ ಒತ್ತೊತ್ತಾಗಿರುವುದರಿಂದ ಬೂದಿ ಬಣ್ಣ ಒಂದೇ ಸಮ ಬರುತ್ತದೆ. ವಧು-ವರ ಪುಟವೂ ಅಷ್ಟೇ ಚೆಂದ. ಆ ವಾರ ತಕಲಿ ಕೈಗೆ ಒಗ್ಗಿ, ತೆಂಗಿನಕಾಯಿ ಗಾತ್ರದ ಉಂಡೆ ಸುತ್ತಿಟ್ಟೆ.

ಗುರುವಾರ ಚಿತ್ರದುರ್ಗದಿಂದ ಅಕ್ಕನ ಫೋನ್. "ಅವ್ವಾ, ಅವತ್ತು ಹೇಳಿದ್ಯಲ್ಲ, ಇಂಜಿನಿಯರ್ ಹುಡುಗನ ಮನೆಯವರ ನಂಬರು, ಕೊಡು."

ಅವ್ವ ಬೀರು ತೆಗೆದಳು, ದಿಂಬು ಎತ್ತಿದಳು, ಪೇಪರಿನ ಪೇರಿಸು ಇರುತ್ತಿದ್ದ ಮೂಲೆ ನೋಡಿದಳು. ಆಮೇಲೆ ಉಂಡೆಯ ಕಡೆ ತಿರುಗಿದಳು. ಯಾರೋ ಪರಿಚಯದವರು ಫೋನಿನಲ್ಲಿ ಹೇಳಿದ್ದ ನಂಬರನ್ನು ಅವಳು ವಧು-ವರ ಪುಟದ ಮೇಲಂಚಿನ ಖಾಲಿ ಜಾಗದಲ್ಲಿ ಬರೆದಿಟ್ಟಿದ್ದಳು. ಸಂಬಂಧದ ನಂಬರು ಸಂಬಂಧದ ಪುಟದಲ್ಲೇ ಇರಲಿ ಅಂತ.

"ಮದುವೆ ಅಂದ್ರೆ ಬ್ರಹ್ಮಗಂಟು ಅಂತಾರೆ," ಹೆಂಡತಿ ಒಲೆಯ ಕಡೆಯಿಂದಲೇ ಅಂದಳು, "ನೀವು ಮೊಳಕ್ಕೊಂದು ಹಾಕಿದೀರ. ಬಿಚ್ಚಿ ಈಗ."

ಊಟ ಮುಗಿಸಿ ನಡುಮನೆಯಲ್ಲಿ ಕೂತೆವು. ಮಗ ಉಂಡೆ ಹಿಡಿದ, ನಾನು ಹುರಿ ಬಿಚ್ಚಿದೆ, ಅವ್ವ ಬ್ಯಾಟರಿ ಬಿಟ್ಟಳು. ಕೆಳಂಚಿನ ಗಂಟು ಬೇಡ, ಮೇಲಂಚಿನದು ಬೇಕು, ಅಂದರೆ ಒಂದು ಬಿಟ್ಟು ಒಂದು. ಒಂದರಲ್ಲಿ 'ಸುಂದರ, ಸುಶೀಲ' ಬಂತು. ಅದು ಯಾವ ಪುಟ ಅಂತ ತಿಳಿಯುವಷ್ಟರಲ್ಲಿ 'ಮೂಲವ್ಯಾಧಿಗೆ' ಬಂತು. ಹನ್ನೊಂದು ಗಂಟೆಗೆ ಮಗ "ಅಪ್ಪಾ, ಒಂಬತ್ತು!" ಅಂತ ಕಿರುಚಿದ. ಅಲ್ಲಿಂದ ಮುಂದೆ ಗಂಟಿಗೆ ಎರಡು, ಕೆಲವೊಮ್ಮೆ ಮೂರು ಅಂಕಿ. ನಾಲ್ಕು ಗಂಟು ಬಿಚ್ಚುವ ಹೊತ್ತಿಗೆ ಒಂಬತ್ತು ಅಂಕಿ ಸಾಲಾದವು. ಹತ್ತನೆಯದು ಇರಬೇಕಾದ ಜಾಗದಲ್ಲಿ ನೀಲಿ ಮಸಿ ಹರಡಿ ಮೋಡವಾಗಿತ್ತು. ಅವ್ವ ಬರೆದದ್ದು ಮೊಮ್ಮಗನ ಜೆಲ್ ಪೆನ್ನಿನಲ್ಲಿ, ನಾನು ಚಿಮುಕಿಸಿದ್ದು ನೀರು.

ಮರುದಿನ ಸೊನ್ನೆಯಿಂದ ಶುರು ಮಾಡಿದೆವು. ಸೊನ್ನೆ ಸ್ವಿಚ್ ಆಫ್. ಒಂದು ಯಾವುದೋ ಸಿಮೆಂಟಿನಂಗಡಿ, "ಎಷ್ಟು ಚೀಲ ಬೇಕು?" ಎರಡು ಬಳಕೆಯಲ್ಲಿರಲಿಲ್ಲ. ಮೂರಕ್ಕೆ ಹರಪನಹಳ್ಳಿಯ ಒಬ್ಬ ಹೆಣ್ಣುಮಗಳು ಸಿಕ್ಕರು. ರಾಂಗ್ ನಂಬರ್ ಅಂತ ನಾನು ಇಡುವಷ್ಟರಲ್ಲಿ ಅವ್ವ ಫೋನ್ ಕಸಿದುಕೊಂಡು, ಹರಪನಹಳ್ಳಿಯಲ್ಲಿ ಮಳೆ ಹೇಗೆ ಅನ್ನುವಲ್ಲಿಂದ ಹಿಡಿದು ಇಪ್ಪತ್ತು ನಿಮಿಷ ಮಾತಾಡಿದಳು. ನಾಲ್ಕು, ಐದು ಎತ್ತಲಿಲ್ಲ. ಆರು ಸರಿಯಾದ ಮನೆ.

"ಹೋದ ಭಾನುವಾರವೇ ಎಲೆಅಡಿಕೆ ಶಾಸ್ತ್ರ ಆಯ್ತಲ್ರೀ," ಅಂದರು ಆಚೆಯವರು. ನಾನು ಕತ್ತರಿ ಹಿಡಿದ ಭಾನುವಾರವೇ ಅದು. ನನ್ನ ತಪ್ಪಿಲ್ಲ ಅಂತ ಸಾಬೀತಾದ ಖುಷಿಗೆ ಹೆಂಡತಿಯ ಮುಖ ನೋಡಿದೆ. ಅಲ್ಲಿ ಸಾಬೀತಾಗಿರಲಿಲ್ಲ.

ಅವ್ವ ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ. "ಹೋಗ್ಲಿ ಬಿಡು. ಆ ಮೂರನೇ ನಂಬರಿನಾಕೆ ಒಳ್ಳೇ ಮಾತುಗಾರ್ತಿ. ಎರಡನೇ ಮಗ ಹುಬ್ಬಳ್ಯಾಗೆ ಕೆಲ್ಸಕ್ಕೆ ಅವ್ನಂತೆ" ಅನ್ನುತ್ತ ಕನ್ನಡಕ ಹುಡುಕಿ, ಅವತ್ತಿನ ಪೇಪರು ಎಳೆದುಕೊಂಡು, ಅದೇ ಜೆಲ್ ಪೆನ್ನಿನಲ್ಲಿ ಮೇಲಂಚಿಗೆ ನಂಬರು ಬರೆಯತೊಡಗಿದಳು.