ಎರಡು ಬೋರ್‌ವೆಲ್ ಬಂದ ಮೇಲೆ ಜಗಳ ನಿಂತಿತು

ನಮ್ಮೂರು ಚಿಂತಾಮಣಿ ಕಡೆ. ನಾನು ಚಿಕ್ಕವಳಿದ್ದಾಗ ಅಪ್ಪನಿಗೂ ಚಿಕ್ಕಪ್ಪನಿಗೂ ಸೇರಿ ಇದ್ದದ್ದು ಒಂದೇ ಬೋರ್‌ವೆಲ್. ಒಂದು ದಿನ ನಮ್ಮ ಟೊಮೆಟೊಗೆ ನೀರು, ಮಾರನೇ ದಿನ ಅವರ ಹಿಪ್ಪುನೇರಳೆಗೆ. ರಾತ್ರಿ ಪಂಪ್ ಓಡಿಸೋ ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ಗೇಟ್‌ವಾಲ್ ಹತ್ತಿರ ಜಗಳ. "ನಿನ್ನೆ ಅರ್ಧ ಗಂಟೆ ಜಾಸ್ತಿ ಬಿಟ್ಕೊಂಡೆ" ಅಂತ ಇವರು. "ಕರೆಂಟ್ ಹೋಗಿದ್ದು ನನ್ನ ತಪ್ಪಾ?" ಅಂತ ಅವರು. ಅಜ್ಜಿ ಇದ್ಯಾವುದಕ್ಕೂ ಏಳುತ್ತಲೇ ಇರಲಿಲ್ಲ. ಬೆಳಗ್ಗೆ ಅದೇ ಚಿಕ್ಕಪ್ಪ ನಮ್ಮ ಜಗಲಿ ಮೇಲೆ ಕೂತು ಕಾಫಿ ಕುಡಿಯೋರು. ಮುಖ ಮಾತ್ರ ಬೀದಿ ಕಡೆ.

ಆಮೇಲೆ ಭಾಗ ಆಯಿತು. ಇಬ್ಬರೂ ಸಾಲ ಮಾಡಿ, 1,200 ಅಡಿ ಕೊರೆಸಿ, ಬೇರೆ ಬೇರೆ ಬೋರ್ ಹಾಕಿಸಿದರು. ಜಗಳ ನಿಂತಿತು. "ಇನ್ನು ನೆಮ್ಮದಿ" ಅಂದರು ಊರವರು. ಎಲ್ಲಿಯ ನೆಮ್ಮದಿ? ಮಾತೇ ನಿಂತುಹೋಯಿತು.

ಜರ್ಮನಿಯ ಸಮಾಜಶಾಸ್ತ್ರಜ್ಞ ಜಾರ್ಜ್ ಸಿಮೆಲ್ 1908ರಲ್ಲೇ ಇದನ್ನು ಬರೆದಿದ್ದರು. ಜಗಳವೂ ಒಂದು ನಂಟೇ, ನಂಟು ಇಲ್ಲದಿರುವುದು ಅಂದರೆ ಉದಾಸೀನ ಅಂತ. 1956ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಲೂಯಿಸ್ ಕೋಸರ್ ಇದನ್ನೇ ಬೆಳೆಸಿದರು: ಜಗಳ ಕಾಣದ ಮಾತ್ರಕ್ಕೆ ಸಂಬಂಧ ಗಟ್ಟಿ ಅಂದುಕೊಳ್ಳಬೇಡಿ. ಹತ್ತಿರದವರ ಮೇಲೆ ಸಿಟ್ಟು ಬಂದೇ ಬರುತ್ತದೆ. ಎಲ್ಲಿ ಕಡಿದುಹೋಗುತ್ತೋ ಅನ್ನೋ ಭಯ ಇದ್ದವರು ಅದನ್ನು ನುಂಗುತ್ತಾರೆ. ಕಡಿಯಲ್ಲ ಅನ್ನೋ ಧೈರ್ಯ ಇದ್ದವರು ಕೂಗಾಡುತ್ತಾರೆ. ನುಂಗಿದ್ದೆಲ್ಲ ಒಂದು ದಿನ ಯಾವುದೋ ಸಣ್ಣ ವಿಷಯಕ್ಕೆ ಒಟ್ಟಿಗೆ ಹೊರಗೆ ಬರುತ್ತದೆ.

"ನಾವಿಬ್ಬರೂ ಒಂದು ದಿನಾನೂ ಜಗಳ ಆಡಿಲ್ಲ" ಅನ್ನೋ ಗಂಡಸರನ್ನು ಕಂಡರೆ ಅದಕ್ಕೇ ನನಗೆ ಅನುಮಾನ. ಪಕ್ಕದಲ್ಲಿ ನಿಂತ ಹೆಂಡತಿಯ ಮುಖ ನೋಡುತ್ತೇನೆ. ಹಾಗಂತ ಹೊಡೆಯೋದು, ಹೆದರಿಸೋದಕ್ಕೆ ಜಗಳ ಅನ್ನೋ ಹೆಸರು ಕೊಡಬೇಡಿ. ಜಗಳ ಅಂದರೆ ಎರಡೂ ಕಡೆ ಬಾಯಿ ಇರಬೇಕು.

ಹೋದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ರಾತ್ರಿ ಕರೆಂಟ್ ಬಂತು. ಮಲಗಿದ್ದ ಅಪ್ಪ ಎದ್ದು ಕೂತರು. "ಅವನ ತೊಟ್ಟಿಗೆ ನೀರು ಬೀಳೋ ಸದ್ದು ಬರ್ತಿಲ್ಲ. ಒಂದು ಫೋನ್ ಮಾಡಿ ನೋಡಮ್ಮ."

ಅಂದರೆ ಇಷ್ಟು ವರ್ಷವೂ ಕೇಳಿಸಿಕೊಳ್ಳುತ್ತಿದ್ದರು!

ಮಾಡಿದೆ. "ಸ್ಟಾರ್ಟರ್ ಸುಟ್ಟುಹೋಗಿದೆ ಕಣಮ್ಮ. ಅದೆಲ್ಲ ನಿಮ್ಮಪ್ಪನಿಗೆ ಯಾಕಂತೆ?" ಅಂದರು ಚಿಕ್ಕಪ್ಪ. ಸ್ಪೀಕರ್ ಆನ್ ಇತ್ತು. ಅಪ್ಪ ಫೋನ್ ಕಿತ್ತುಕೊಂಡರು. "ಅಗ್ಗದ ಸ್ಟಾರ್ಟರ್ ತಗೊಂಡ್ರೆ ಇನ್ನೇನಾಗುತ್ತೋ!"

ಚಾರ್ಜ್ ಮುಗಿಯೋವರೆಗೂ ಇಬ್ಬರೂ ಕಿರುಚಾಡಿದರು.