ಎರಡು ನಿಲುವಂಗಿಗಳ ಲೆಕ್ಕ

ಬಟ್ಟೆಯ ವಿಷಯದಲ್ಲಿ ಸನ್ಯಾಸಿಗೆ ಏನು ಚಿಂತೆ ಎಂದು ನಾವು ಸಂಸಾರಿಗಳು ಅಂದುಕೊಂಡಿರುತ್ತೇವೆ. ಲಂಗೋಟಿಯನ್ನು ಇಲಿಯಿಂದ ಉಳಿಸಿಕೊಳ್ಳಲು ಬೆಕ್ಕು ಸಾಕಿ, ಬೆಕ್ಕಿನ ಹಾಲಿಗೆಂದು ಹಸು ಕಟ್ಟಿ, ಕೊನೆಗೆ ಸಂಸಾರವನ್ನೇ ಹೂಡಿದ ಸನ್ಯಾಸಿಯ ಕಥೆಯನ್ನು ಕೇಳಿಯೇ ಬೆಳೆದ ನನಗೂ ಈ ಭ್ರಮೆ ಇತ್ತು. ಕಥೋಲಿಕ ಸನ್ಯಾಸಿಗಳ ದಿನನಿತ್ಯದ ಉಡುಪಿನ ಬಗ್ಗೆ ಓದತೊಡಗಿದ ಮೇಲೆ ಅದು ಹೋಯಿತು. ಪೂಜೆಯ ಹೊತ್ತಿನ ಜರತಾರಿ ವಸ್ತ್ರಗಳ ಮಾತಲ್ಲ ಇದು. ಪಾತ್ರೆ ತೊಳೆಯುವಾಗ, ತೋಟ ಅಗೆಯುವಾಗ, ಊಟಕ್ಕೆ ಕುಳಿತಾಗ ಮೈಮೇಲಿರುವ ಬಟ್ಟೆಯ ಮಾತು.

ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ಬರೆದ ಮಠನಿಯಮದ 55ನೆಯ ಅಧ್ಯಾಯ ಬಹುಪಾಲು ಬಟ್ಟೆಬರೆಯ ಲೆಕ್ಕವೇ. ರಾತ್ರಿ ತೊಡಲು ಬೇಕು, ಒಗೆಯಲು ಹಾಕಿದಾಗಲೂ ಬೇಕು. ಆದ್ದರಿಂದ ಒಬ್ಬೊಬ್ಬರಿಗೆ ಎರಡು ನಿಲುವಂಗಿ, ಎರಡು ಮುಸುಕುಳ್ಳ ಮೇಲಂಗಿ ಸಾಕು, ಅದಕ್ಕಿಂತ ಹೆಚ್ಚಿದ್ದರೆ ಕಿತ್ತುಕೊಳ್ಳಬೇಕು. ಮೇಲಂಗಿ ಚಳಿಗಾಲಕ್ಕೆ ದಪ್ಪನೆಯದಾಗಿರಬೇಕು, ಬೇಸಗೆಗೆ ತೆಳುವಾದದ್ದೋ ಸವೆದದ್ದೋ ಆದೀತು. ಬಣ್ಣ ಹೀಗೇಕೆ, ನೂಲು ಒರಟೇಕೆ ಎಂದು ಯಾರೂ ಗೊಣಗಬಾರದು. ಆ ಸೀಮೆಯಲ್ಲಿ ಸಿಗುವ ಅಗ್ಗದ ಬಟ್ಟೆಯೇ ಸಾಕು. ಇಷ್ಟು ಬಿಗಿ ಹಿಡಿದವರು ಮರುಗಳಿಗೆಯಲ್ಲೇ, ತೊಟ್ಟವನಿಗೆ ಅಂಗಿ ಗಿಡ್ಡವಾಗದಂತೆ ಮಠಾಧಿಪತಿಯೇ ಅಳತೆ ನೋಡಬೇಕು ಎನ್ನುತ್ತಾರೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಪಯಣದ ನಿಯಮ. ಊರು ಬಿಟ್ಟು ಹೊರಡುವ ಸೋದರನಿಗೆ ಮಠದ ಉಗ್ರಾಣದಿಂದ ಒಳಚಡ್ಡಿಯನ್ನೂ, ದಿನ ತೊಡುವುದಕ್ಕಿಂತ ತುಸು ಒಳ್ಳೆಯ ಅಂಗಿಯನ್ನೂ ಕೊಡಬೇಕು. ಅವನು ಮರಳಿ ಬಂದ ಮೇಲೆ ಚಡ್ಡಿಯನ್ನು ಒಗೆದು ಒಪ್ಪಿಸಬೇಕು. ಮಠದೊಳಗೆ ಉಳಿದವರ ಗತಿಯೇನು ಎಂದು ಕೇಳುವುದು ಸಭ್ಯತೆಯಲ್ಲ.

ಅದೇ ಅಧ್ಯಾಯದಲ್ಲಿ ಕೆಲಸಕ್ಕೆಂದು ಹೇಳಿದ ಇನ್ನೊಂದು ಬಟ್ಟೆ ಸ್ಕಾಪ್ಯುಲರ್. ಹೆಗಲು ಎಂಬರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರು. ಹೆಗಲಿನಷ್ಟು ಅಗಲದ ಉದ್ದನೆಯ ಪಟ್ಟಿಯ ನಡುವೆ ತಲೆ ತೂರಿಸಲು ಕಂಡಿ. ಹಿಂದೊಂದು ಮುಂದೊಂದು ಅಂಚು ಕಾಲಿನವರೆಗೂ ಇಳಿಬಿದ್ದಿರುತ್ತದೆ. ಬರಬರುತ್ತಾ ಈ ದುಡಿಮೆಯ ಬಟ್ಟೆಗೆ ಕ್ರಿಸ್ತನ ನೊಗವೆಂಬ ಅರ್ಥ ಕೂಡಿಕೊಂಡು ಅದಕ್ಕೆ ಪಾವಿತ್ರ್ಯ ಬಂತು. ಪಾವಿತ್ರ್ಯ ಬಂದದ್ದೇ ತಡ, ಅದು ಕೆಲಸಕ್ಕೆ ಅಡ್ಡಿಯಾಯಿತು: ಪಾತ್ರೆ ತೊಳೆಯಲು ಬಗ್ಗಿದರೆ ಮುಂದಿನ ಅಂಚು ನೀರಿಗೆ ಬೀಳುತ್ತದೆ, ಎತ್ತಿ ಹೆಗಲಿಗೆ ಹಾಕಿಕೊಳ್ಳಬೇಕು, ಇಲ್ಲವೇ ಅದರ ಮೇಲೊಂದು ಏಪ್ರನ್ ಕಟ್ಟಿಕೊಳ್ಳಬೇಕು.

ಬಣ್ಣಗಳ ಕಥೆ ಇನ್ನೂ ಗಮ್ಮತ್ತಿನದು. ಬೆನೆಡಿಕ್ಟರ ಅನುಯಾಯಿಗಳು ಕಪ್ಪಿಗೆ ಒಗ್ಗಿಕೊಂಡರೆ, 1098ರಲ್ಲಿ ಫ್ರಾನ್ಸಿನ ಸಿತೋ ಎಂಬಲ್ಲಿ ಹುಟ್ಟಿದ ಸಿಸ್ಟರ್ಸಿಯನ್ ಸಭೆ, ಅಂದರೆ ಸನ್ಯಾಸಿ ಸಂಘದವರು ಬಣ್ಣ ಹಾಕದ ಉಣ್ಣೆಯನ್ನು ಹಿಡಿದು ಬಿಳಿಯ ಸನ್ಯಾಸಿಗಳಾದರು. ಇಂಗ್ಲೆಂಡಿನ ಜನ ಡೊಮಿನಿಕನ್ ಸಭೆಯವರನ್ನು ಕರಿಯ ಸೋದರರೆಂದೂ ಕಾರ್ಮೆಲ್ ಸಭೆಯವರನ್ನು ಬಿಳಿಯ ಸೋದರರೆಂದೂ ಕರೆದರು. ಲಂಡನ್ನಿನ ಬ್ಲ್ಯಾಕ್‌ಫ್ರೈಯರ್ಸ್ ರೈಲು ನಿಲ್ದಾಣದ ಹೆಸರು ಅದರ ನೆನಪು. ಆದರೆ ಡೊಮಿನಿಕನ್ನರ ನಿಲುವಂಗಿ ಬಿಳಿ, ಕಾರ್ಮೆಲ್‌ನವರದು ಕಂದು. ಬೀದಿಯವರ ಕಣ್ಣಿಗೆ ಬಿದ್ದದ್ದು ಹೊರಗಿನ ಹೊದಿಕೆ, ಉಳಿದದ್ದೂ ಅದೇ. ಬೂದು ಸೋದರರೆನಿಸಿಕೊಂಡ ಫ್ರಾನ್ಸಿಸ್ಕನ್ನರಲ್ಲಿ ಹೆಚ್ಚಿನವರು ಈಗ ಕಂದು ಅಂಗಿಯವರು. ಸೊಂಟದ ಬಿಳಿ ಹಗ್ಗಕ್ಕೆ ಮೂರು ಗಂಟು, ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತಗಳಿಗೆ ಒಂದೊಂದು. ಅವರ ಕವಲಾದ ಕಪುಚಿನ್ನರಿಗೆ ಮುಸುಕುಟೋಪಿಯಿಂದಲೇ ಹೆಸರು ಬಂತು, ಅವರ ಅಂಗಿಯ ಬಣ್ಣದಿಂದ ಕಾಪುಚಿನೋ ಕಾಫಿಗೆ ಹೆಸರಾಯಿತು. ಬಡತನದ ಬಟ್ಟೆ ಕಾಫಿಯ ಲೋಟಕ್ಕೆ ಇಳಿದದ್ದನ್ನು ಸಂತ ಫ್ರಾನ್ಸಿಸರು ನಕ್ಕು ಸುಮ್ಮನಾಗುತ್ತಿದ್ದರೇನೋ.

ಯೇಸುಸಭೆಯವರು, ಅಂದರೆ ಜೆಸ್ವಿಟರು, ಈ ರಗಳೆಗೇ ಹೋಗಲಿಲ್ಲ. ತಮ್ಮದೆಂಬ ಪ್ರತ್ಯೇಕ ಉಡುಪು ಬೇಡ. ಬಟ್ಟೆ ಮರ್ಯಾದೆಯದಾಗಿ, ಇರುವ ನಾಡಿನ ರೂಢಿಗೆ ಒಪ್ಪುವಂತೆ, ಬಡತನಕ್ಕೆ ಹೊರತಾಗದಂತೆ ಇದ್ದರೆ ಸಾಕೆಂದರು. ಅವರಲ್ಲೊಬ್ಬರಾಗಿ ಚೀನಾಕ್ಕೆ ಹೋದ ಮತ್ತೇವೊ ರಿಚ್ಚಿ ಮೊದಲು ಬೌದ್ಧ ಭಿಕ್ಷುವಿನ ವೇಷ ತೊಟ್ಟು, ಅಲ್ಲಿ ಮನ್ನಣೆ ಇರುವುದು ವಿದ್ವಾಂಸರಿಗೆಂದು ತಿಳಿದ ಮೇಲೆ, 1595ರಲ್ಲಿ ಅವರಂತೆ ರೇಷ್ಮೆಯ ನಿಲುವಂಗಿಗೆ ಬದಲಾದರು. ನಾಡಿನ ರೂಢಿ, ಬಡತನ ಎರಡನ್ನೂ ಒಂದೇ ಅಂಗಿಯಲ್ಲಿ ಹೊಲಿಯುವುದು ಸುಲಭವಲ್ಲ.

1965ರಲ್ಲಿ ಕಥೋಲಿಕ ಬಿಷಪರೆಲ್ಲ ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆ, ಸನ್ಯಾಸಿಗಳ ಉಡುಪು ಸರಳವೂ ಶೋಭಿಸುವಂಥದ್ದೂ ಆಗಿ ಆರೋಗ್ಯಕ್ಕೂ ಕಾಲದೇಶಗಳಿಗೂ ಮಾಡುವ ಸೇವೆಗೂ ಹೊಂದಬೇಕು, ಹೊಂದದಿದ್ದರೆ ಬದಲಾಗಬೇಕು ಎಂದಿತು. ಆಮೇಲೆ ಎಷ್ಟೋ ಗುರುಗಳು ಪ್ಯಾಂಟು ಷರ್ಟಿಗೆ ಬಂದರು. ಗುರುತಿಗೆ ಕತ್ತಿನ ಬಳಿ ಬಿಳಿಯ ಕಾಲರಿನ ತುಣುಕು ಉಳಿಯಿತು, ಕೆಲವರಲ್ಲಿ ಅದೂ ಇಲ್ಲ. 1983ರ ಧರ್ಮಸಭೆಯ ಕಾನೂನು ಮಾತ್ರ, ಸನ್ಯಾಸಿಯ ಸಭೆಗೆ ತನ್ನದೇ ಉಡುಪಿದ್ದರೆ ಅವನು ಅದನ್ನು ತೊಡಬೇಕೆಂದೇ ಹೇಳುತ್ತದೆ. ತೊಡಬೇಕೆನ್ನುವವರ, ಬೇಡವೆನ್ನುವವರ ವಾದಗಳನ್ನು ಓದಿದರೆ, ಬಟ್ಟೆಯ ಚಿಂತೆ ತಪ್ಪಿಸಲೆಂದು ಬಂದ ಬಟ್ಟೆಯ ಬಗ್ಗೆಯೇ ಇಷ್ಟು ಚಿಂತೆಯೇ ಎನಿಸುತ್ತದೆ.

ನನ್ನ ಮನಸ್ಸು ಮಾತ್ರ ಬೆನೆಡಿಕ್ಟರ ಎರಡನೆಯ ನಿಲುವಂಗಿಯ ಬಳಿಯೇ ನಿಲ್ಲುತ್ತದೆ, ರಾತ್ರಿಯದ್ದು. ಅವರ ನಿಯಮದಲ್ಲಿ ಸನ್ಯಾಸಿ ಮಲಗುವುದೂ ಉಟ್ಟ ಬಟ್ಟೆಯಲ್ಲೇ, ಸೊಂಟಕ್ಕೆ ಪಟ್ಟಿಯನ್ನೋ ಹಗ್ಗವನ್ನೋ ಕಟ್ಟಿಕೊಂಡೇ. ಸೂಚನೆ ಕೇಳಿದೊಡನೆ ಎದ್ದು ಪ್ರಾರ್ಥನೆಗೆ ನಡೆಯಬೇಕಲ್ಲ. ಹಗಲು ಬಳಸುವ ಚಾಕನ್ನು ಮಾತ್ರ ಮಲಗುವ ಮುನ್ನ ತೆಗೆದಿಡಬೇಕು, ನಿದ್ದೆಯಲ್ಲಿ ಚುಚ್ಚೀತು.