ಬೋಟು ಕಡಲಿಗಿಳಿಯದ ತಿಂಗಳಲ್ಲೂ ಓಡಿದ ಮೀಟರ್

‘ಕ್ಲೌಡ್ ಬಹಳ ದುಬಾರಿ’ ಎಂಬ ಗೋಳನ್ನು ಮಂಗಳೂರು, ಮಣಿಪಾಲದ ಸಾಫ್ಟ್‌ವೇರ್ ಮಂದಿಯ ಬಾಯಲ್ಲಿ ಕೇಳಿ ಕೇಳಿ ಸಾಕಾಗಿದೆ. ನಾನು ನೋಡಿದ ಮಟ್ಟಿಗೆ ದುಡ್ಡು ಸೋರುವುದು ನಾವೇ ಬರೆದ ಕೋಡಿನಿಂದ.

ಮಲ್ಪೆಯಲ್ಲಿ ಮೀನು ವಹಿವಾಟಿನ ಒಂದು ಕಚೇರಿ. ಯಾವ ಬೋಟಿನಿಂದ ಎಷ್ಟು ಬಂಗುಡೆ, ಎಷ್ಟು ಬೂತಾಯಿ, ದರವೇನು ಎಂದು ತೋರಿಸುವ ಆ್ಯಪ್ ಅನ್ನು ಸ್ನೋಫ್ಲೇಕ್ ಎಂಬ ಕ್ಲೌಡ್ ಡೇಟಾ ಸೇವೆಯ ಮೇಲೆ ಕಟ್ಟಿಸಿಕೊಂಡಿದ್ದರು. ಗೋಡೆಯ ಪರದೆ ಹಗಲೂ ರಾತ್ರಿಯೂ ನಿಮಿಷಕ್ಕೊಮ್ಮೆ ತಾನಾಗಿಯೇ ರಿಫ್ರೆಶ್ ಆಗುತ್ತಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ಬಂದರಿನಲ್ಲಿ ಲಂಗರು ಹಾಕಿವೆ, ಹೊಸ ಡೇಟಾ ಒಂದು ಸಾಲೂ ಇಲ್ಲ. ಪರದೆ ಮಾತ್ರ ಅದೇ ಸೊನ್ನೆಯನ್ನು ಮತ್ತೆ ಮತ್ತೆ ಲೆಕ್ಕ ಹಾಕುತ್ತಿತ್ತು.

ಸ್ನೋಫ್ಲೇಕ್‌ನಲ್ಲಿ ಡೇಟಾ ಇಡುವುದಕ್ಕೆ ಒಂದು ಬಿಲ್, ಲೆಕ್ಕ ಮಾಡುವುದಕ್ಕೆ ಇನ್ನೊಂದು. ಲೆಕ್ಕ ಮಾಡುವ ಕಂಪ್ಯೂಟರಿಗೆ ಅಲ್ಲಿ ವೇರ್‌ಹೌಸ್ ಎಂದು ಹೆಸರು, ಅದು ಎಚ್ಚರವಿರುವಷ್ಟು ಹೊತ್ತು ಸೆಕೆಂಡಿನ ಲೆಕ್ಕದಲ್ಲಿ ಹಣ. ಎಬ್ಬಿಸಿದಾಗಲೆಲ್ಲ ಕನಿಷ್ಠ 60 ಸೆಕೆಂಡಿನದು. ಹತ್ತು ನಿಮಿಷ ಕೆಲಸವಿಲ್ಲದಿದ್ದರೆ ಮಲಗು ಎಂದು ಹೇಳಿಟ್ಟು ನಿಮಿಷಕ್ಕೊಮ್ಮೆ ತಟ್ಟುತ್ತಿದ್ದರೆ ಅದು ಮಲಗುವುದು ಯಾವಾಗ? ಅತಿ ಚಿಕ್ಕ ವೇರ್‌ಹೌಸ್ ಗಂಟೆಗೆ 1 ಕ್ರೆಡಿಟ್ (ಸ್ನೋಫ್ಲೇಕ್ ಬಿಲ್ ಹಾಕುವ ಘಟಕ) ನುಂಗುತ್ತದೆ. ನಿಷೇಧದ 61 ದಿನಕ್ಕೆ 1,464 ಕ್ರೆಡಿಟ್.

ಹೊಟ್ಟೆ ಉರಿಯುವುದು ಇದಕ್ಕೂ ಅಲ್ಲ. ಡೇಟಾ ಬದಲಾಗದಿದ್ದರೆ, ಅದೇ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಮತ್ತೆ ಬಂದಾಗ ಸ್ನೋಫ್ಲೇಕ್ 24 ಗಂಟೆಯೊಳಗಿನ ಹಳೆಯ ಉತ್ತರವನ್ನೇ ವೇರ್‌ಹೌಸ್ ಎಬ್ಬಿಸದೆ ಕೊಡುತ್ತದೆ. ಆದರೆ ಆ ಕ್ವೆರಿಯೊಳಗೆ ಈ ಕ್ಷಣದ ಸಮಯ ಕೇಳುವ ‘ಕರೆಂಟ್ ಟೈಮ್‌ಸ್ಟ್ಯಾಂಪ್’ ಕೂತಿತ್ತು. ಅದಿದ್ದರೆ ಹಳೆಯ ಉತ್ತರ ನಡೆಯುವುದಿಲ್ಲ. ಆ ದಿನದ ದಿನಾಂಕವನ್ನು ಆ್ಯಪ್‌ನಿಂದಲೇ ಕಳುಹಿಸಿದ್ದರೆ ಮುಗಿಯುತ್ತಿತ್ತು. ಒಂದು ಸಾಲಿನ ತಿದ್ದುಪಡಿ.

2022ರಲ್ಲಿ ಸ್ನೋಫ್ಲೇಕ್ ಕೊಂಡುಕೊಂಡ, ಆ್ಯಪ್ ಕಟ್ಟುವ ಸಾಧನ ಸ್ಟ್ರೀಮ್‌ಲಿಟ್ ನನಗೂ ಇಷ್ಟ. ಪೈಥಾನ್ ಬಲ್ಲವರು ಮಧ್ಯಾಹ್ನ ಕುಳಿತರೆ ಸಂಜೆಗೆ ಆ್ಯಪ್ ಸಿದ್ಧ. ಆದರೆ ಬಳಸುವವರು ಬಂಗುಡೆ ಬಿಟ್ಟು ಅಂಜಲ್ ಒತ್ತಿದ ತಕ್ಷಣ ಇಡೀ ಸ್ಕ್ರಿಪ್ಟ್ ಮೇಲಿಂದ ಕೆಳಗಿನವರೆಗೆ ಮತ್ತೆ ಓಡುತ್ತದೆ. ಹಳೆಯ ಉತ್ತರ ನೆನಪಿಟ್ಟುಕೊಳ್ಳುವ ಕ್ಯಾಶ್ ಹಾಕದಿದ್ದರೆ ಅದರ ಜೊತೆ ಕ್ವೆರಿಗಳೂ. ಗೂಗಲ್‌ನ ಬಿಗ್‌ಕ್ವೆರಿಯ ಸ್ವಭಾವ ಬೇರೆ. ಅದೂ ಸ್ನೋಫ್ಲೇಕ್‌ನಂಥದೇ ಸೇವೆ, ಆದರೆ ಅಲ್ಲಿ ಸಾಮಾನ್ಯವಾಗಿ ಓದಿದ ಡೇಟಾದ ಗಾತ್ರಕ್ಕೆ ಹಣ. ಸಾಮಾನ್ಯ ಟೇಬಲಿನಲ್ಲಿ ಹತ್ತೇ ಸಾಲು ಸಾಕೆಂದು ‘ಲಿಮಿಟ್ 10’ ಬರೆದರೂ ಒಂದು ಪೈಸೆ ಉಳಿಯುವುದಿಲ್ಲ. ಬೇಕಾದ ಕಾಲಮ್‌ಗಳನ್ನಷ್ಟೇ ಕೇಳಿದರೆ ಉಳಿಯುತ್ತದೆ. ಓಡಿಸುವ ಮೊದಲೇ ಎಷ್ಟು ಓದಲಿದೆ ಎಂದು ಅದೇ ಹೇಳುತ್ತದೆ, ನೋಡುವವರು ಯಾರು?

ಕೋಡ್ ರಿವ್ಯೂನಲ್ಲಿ ವೇರಿಯಬಲ್ ಹೆಸರಿಗೆ ಅರ್ಧ ಗಂಟೆ ಜಗಳವಾಡುವ ನಾವು, ಈ ಕ್ವೆರಿಗೆ ತಿಂಗಳಿಗೆ ಎಷ್ಟಾದೀತು ಎಂದು ಒಮ್ಮೆಯೂ ಕೇಳುವುದಿಲ್ಲ. ಸ್ನೋಫ್ಲೇಕ್‌ನಲ್ಲಿ ಕ್ವೆರಿ ಟ್ಯಾಗ್ ಹಾಕಿದರೆ ಯಾವ ಪರದೆ ಎಷ್ಟು ತಿಂದಿತೆಂದು ತಿಳಿಯುತ್ತದೆ. ರಿಸೋರ್ಸ್ ಮಾನಿಟರ್ ಇಟ್ಟರೆ ಮಿತಿ ದಾಟಿದಾಗ ವೇರ್‌ಹೌಸ್ ತಾನೇ ನಿಲ್ಲುತ್ತದೆ. ಎರಡಕ್ಕೂ ಸೇರಿ ಕಾಲು ಗಂಟೆ ಸಾಕು.

ಇನ್ನೊಂದು ಮಾತು, ಕೆಲವರಿಗೆ ಸಿಟ್ಟು ಬರಬಹುದು. ಒಂದು ಬಂದರಿನ ಕೆಲವು ವರ್ಷಗಳ ಮೀನಿನ ಲೆಕ್ಕಕ್ಕೆ ಇಷ್ಟೆಲ್ಲ ಬೇಕೇ ಬೇಡ. ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು 2019ರಲ್ಲಿ ಬಿಡುಗಡೆ ಮಾಡಿದ ಡೇಟಾಬೇಸ್ ಡಕ್‌ಡಿಬಿ ಉಚಿತ. ಸಾಧಾರಣ ಲ್ಯಾಪ್‌ಟಾಪಿನಲ್ಲೇ ಆ ಕೆಲಸ ಮುಗಿಸುತ್ತದೆ. ಆದರೆ ಬಯೋಡೇಟಾದಲ್ಲಿ ‘ಕ್ಲೌಡ್ ಡೇಟಾ ಎಂಜಿನಿಯರ್’ ಎಂದು ಬರೆದುಕೊಳ್ಳಬೇಕಲ್ಲ, ಅದಕ್ಕೆ ಮೀನಿನ ಸಾಹುಕಾರರು ಕ್ರೆಡಿಟ್ ಕಟ್ಟುತ್ತಿದ್ದಾರೆ.